ಹುಳದ ತೂತು ಮತ್ತು ಪ್ರೊಫೆಸರ್ ಲೋಮಾನ್

ದ ಹೇಗ್
14 ಜೂನ್ 2025, ಶನಿವಾರ

ಪ್ರೀತಿಯ ಅಬ್ಬಾ,

ಅಸ್ಸಲಾಮು ಅಲೈಕುಂ. ಮೊಣಕಾಲು ನೋವು ಹೇಗಿದೆ? ತಮ್ಮ ಉವೈಸ್ ತಂದುಕೊಟ್ಟ ಸ್ಟೂಲಿನ ಮೇಲೆ ಕೂತು ಪುಸ್ತಕಗಳಿಗೆ ಹೊಲಿಗೆ ಹಾಕುತ್ತಿದ್ದೀರೋ, ಇಲ್ಲ ಅದನ್ನು ಗಿರಾಕಿಗಳಿಗೆ ಕೊಟ್ಟು ನೀವು ಮತ್ತೆ ನೆಲದ ಮೇಲೇ ಕೂತಿದ್ದೀರೋ? ಬಕ್ರೀದ್ ಕಳೆದ ಮೇಲೆ ಅಮ್ಮಿಯ ಶುಗರ್ ಎಷ್ಟಿದೆ, ನಿಜ ಹೇಳಿ. ನಾನು ಆರಾಮಾಗಿದ್ದೇನೆ. ಫೋನ್ ಬಿಟ್ಟು ಕಾಗದ ಯಾಕೆ ಎನ್ನಬೇಡಿ. ಫೋನಿನಲ್ಲಿ ನೀವು ಎರಡು ಸಲ ಹೂಂ ಎಂದು ಅಮ್ಮಿಯ ಕೈಗೆ ಕೊಟ್ಟುಬಿಡುತ್ತೀರಿ. ಇದು ನಿಮಗೇ ತಲುಪಬೇಕಾದ ಸುದ್ದಿ.

ನಿನ್ನೆ ನನ್ನ ಗೈಡ್ ಪ್ರೊಫೆಸರ್ ಲೋಮಾನ್ ನಿವೃತ್ತರಾದರು. ಜರ್ಮನಿಯವರು, ಬೂಟು ರಿಪೇರಿ ಮಾಡುವವರ ಮಗ. ಮ್ಯೂನ್‌ಸ್ಟರ್‌ನಲ್ಲಿ ಇತಿಹಾಸ ಓದಿ, ಡಚ್ಚರ ಹಳೆ ಕಾಗದಪತ್ರ ನೋಡಲು ಮೂರು ತಿಂಗಳಿಗೆಂದು ಇಲ್ಲಿಗೆ ಬಂದವರು ನಲವತ್ತು ವರ್ಷ ಇಲ್ಲೇ ಪಾಠ ಹೇಳಿದರು. ನಮ್ಮ ಕರಾವಳಿಯ ಹಳೆ ಬಂದರು ಬಸರೂರಿನ ಬಗ್ಗೆ ಬರೆದ ಪುಸ್ತಕದಿಂದಲೇ ಅವರಿಗೆ ಹೆಸರು ಬಂದದ್ದು. ಬಸರೂರಿಗೆ ಹೋದದ್ದು ಒಂದೇ ಸಲ, ಅದೂ ಹೊಟ್ಟೆ ಕೆಟ್ಟು ಎರಡನೇ ದಿನಕ್ಕೇ ವಾಪಸ್. ಆದರೆ ಮುನ್ನೂರೈವತ್ತು ವರ್ಷದ ಹಿಂದೆ ಅಲ್ಲಿ ಯಾವ ದೋಣಿಗೆ ಎಷ್ಟು ಅಕ್ಕಿ ತುಂಬಿದರು ಎಂದು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತಾರೆ.

ಆ ಪುಸ್ತಕದಲ್ಲಿ ಕೆಟ್ಟವನು ದೇವಣ್ಣ ಶೆಟ್ಟಿ ಎಂಬ ಅಕ್ಕಿ ವ್ಯಾಪಾರಿ. ಬರಗಾಲದಲ್ಲಿ ಊರಿಗೆ ಕೊಡುತ್ತೇನೆಂದ ಅಕ್ಕಿಯನ್ನು ಡಚ್ ಕಂಪನಿಗೆ ಮಾರಿಕೊಂಡ ಎಂದು ಪ್ರೊಫೆಸರ್ ಬರೆದಿದ್ದರು. ಮೂವತ್ತನಾಲ್ಕು ವರ್ಷದಿಂದ ಎಲ್ಲರೂ ಹಾಗೇ ಬರೆಯುತ್ತಿದ್ದಾರೆ. ಕಳೆದ ತಿಂಗಳ ಮೊದಲಲ್ಲಿ ಇಲ್ಲಿನ ದಾಖಲೆ ಭಂಡಾರದಲ್ಲಿ ಆ ಪುಸ್ತಕಕ್ಕೆ ಆಧಾರವಾದ ಕಾಗದಗಳ ಕಟ್ಟು ನನ್ನ ಮುಂದೆ ಬಂತು. ಶೆಟ್ಟಿಯದು ಎರಡೇ ಹಾಳೆ. ಮೊದಲಿನದರಲ್ಲಿ ಬರಕ್ಕೆ ಸಿಕ್ಕ ಊರಿಗೆ ಅಕ್ಕಿ ಕೊಡುವ ಮಾತು, ಆಮೇಲಿನದರಲ್ಲಿ ಅದೇ ಅಕ್ಕಿಗೆ ಕಂಪನಿಯ ಜೊತೆ ಒಪ್ಪಂದ. ಎರಡಕ್ಕೂ ತಾರೀಕಿಲ್ಲ. ಕಟ್ಟಿನಲ್ಲಿ ಮೊದಲಿದ್ದದ್ದೇ ಮೊದಲು ನಡೆದದ್ದು ಎಂದು ಪ್ರೊಫೆಸರ್ ನಂಬಿದ್ದರು. ನಿಮ್ಮ ಮಗಳಲ್ಲವೇ, ಓದುವ ಮೊದಲೇ ನನ್ನ ಕಣ್ಣು ಹುಳ ತಿಂದ ತೂತುಗಳ ಮೇಲೆ ಹೋಯಿತು. ಹುಳ ಹಾಳೆಯಿಂದ ಹಾಳೆಗೆ ನೇರ ಕೊರೆದು ಹೋಗಿರಬೇಕು, ಇಲ್ಲಿ ಪಕ್ಕದ ಹಾಳೆಯ ತೂತಿಗೂ ಶೆಟ್ಟಿಯ ಹಾಳೆಯ ತೂತಿಗೂ ತಾಳೆಯೇ ಇಲ್ಲ. ದರ್ಗಾದ ಹಳೆ ಕಿತಾಬು ಬಿಚ್ಚಿ ಹೊಲಿಯುವಾಗ "ಹಾಳಿ ನಂಬರ್ ನಂಬಬ್ಯಾಡ, ಹುಳದ ತೂತು ನೋಡು" ಎನ್ನುತ್ತಿದ್ದಿರಲ್ಲ. ಫೋಟೋ ತೆಗೆದು, ಪ್ರಿಂಟ್ ಹಾಕಿ, ಎರಡು ಹಾಳೆ ಅದಲು ಬದಲು ಮಾಡಿದೆ. ತೂತುಗಳು ಸಾಲಾಗಿ ಕೂತವು. ಯಾರೋ ಬಿಚ್ಚಿ ಮತ್ತೆ ಹೊಲಿಯುವಾಗ ಹಿಂದು ಮುಂದು ಮಾಡಿದ್ದಾರೆ. ಅಂದರೆ ಒಪ್ಪಂದ ಮೊದಲು. ಬರ ಬಂದಾಗ ಶೆಟ್ಟಿ ಅದನ್ನು ಮುರಿದು ಅಕ್ಕಿಯನ್ನು ಊರಿಗೆ ಕೊಟ್ಟಿದ್ದಾನೆ.

ಎರಡು ವಾರ ನನಗೆ ಅನ್ನ ಸೇರಲಿಲ್ಲ ಅಬ್ಬಾ. ನನ್ನ ಡಾಕ್ಟರೇಟ್ ಇರುವುದು ಅವರ ಕೈಯಲ್ಲಿ. ನಿವೃತ್ತಿಗೆ ತಿಂಗಳಿರುವಾಗ ನಿಮ್ಮ ಜೀವಮಾನದ ಪುಸ್ತಕ ತಪ್ಪು ಎಂದು ಯಾವ ಬಾಯಲ್ಲಿ ಹೇಳುವುದು? ನನ್ನ ರೂಮ್‌ಮೇಟ್ ಮಂಡ್ಯದ ಧನುಶ್ರೀ, "ಸುಮ್ನಿರೇ, ಡಿಗ್ರಿ ಕೈಗ್ ಬರೋವರ್ಗೂ ಬಾಯ್ ಬಿಡ್ಬೇಡ" ಎಂದಳು. ಆದರೆ ಆ ಶೆಟ್ಟಿ ಪಾಪ ನನ್ನನ್ನು ಬಿಡಲಿಲ್ಲ. ಹೋಗಿ ಪ್ರಿಂಟುಗಳನ್ನು ಅವರ ಮೇಜಿನ ಮೇಲಿಟ್ಟೆ. ನೀವು ಕಲಿಸಿದ್ದನ್ನೂ ಹೇಳಿದೆ. ಅವರು ಕಿಟಕಿಗೆ ಹಿಡಿದು ನೋಡಿದರು, ಚೀಲಕ್ಕೆ ಹಾಕಿಕೊಂಡು ಸೈಕಲ್ ಹತ್ತಿ ಹೋದರು. ಮೂರು ವಾರ ಒಂದು ಮೇಲ್ ಕೂಡ ಇಲ್ಲ. ನನ್ನ ಕಥೆ ಮುಗಿಯಿತು ಎಂದುಕೊಂಡೆ.

ಇಲ್ಲಿ ನಿವೃತ್ತರಾಗುವ ಪ್ರೊಫೆಸರ್ ಕರಿ ಗೌನು, ಟೋಪಿ ತೊಟ್ಟು ಕೊನೆಯದೊಂದು ಉಪನ್ಯಾಸ ಕೊಡುವ ಪದ್ಧತಿ ಇದೆ. ನಲವತ್ತು ವರ್ಷದ ಸಾಧನೆ ಕೇಳೋಣ ಎಂದು ಸಭೆ ತುಂಬಿ ಕೂತಿದ್ದರೆ, ಅವರು ನನ್ನ ಪ್ರಿಂಟುಗಳನ್ನು ಪರದೆಯ ಮೇಲೆ ಹಾಕಿದರು. ಒಳ್ಳೆಯ ಮನುಷ್ಯನೊಬ್ಬನನ್ನು ಮೂವತ್ತನಾಲ್ಕು ವರ್ಷ ದ್ರೋಹಿ ಎಂದೆ, ಕ್ಷಮಿಸಬೇಕು ಎಂದು ಟೋಪಿ ತೆಗೆದರು. ಆ ಮೂರು ವಾರವೂ ಭಂಡಾರದಲ್ಲಿ ಕೂತು ಇಡೀ ಕಟ್ಟಿನ ತೂತು ಎಣಿಸಿದ್ದಾರೆ ಪುಣ್ಯಾತ್ಮ. ಕಂಡುಹಿಡಿದವಳು ಅಮ್ರೀನ್, ಅವಳಿಗೆ ಕಲಿಸಿದವರು ರಾಣೆಬೆನ್ನೂರಿನ ಬುಕ್ ಬೈಂಡರ್ ಫಾರೂಕ್ ಸಾಹೇಬರು ಎಂದಾಗ ಅಷ್ಟು ದೊಡ್ಡ ಸಭೆ ನಿಮ್ಮ ಹೆಸರಿಗೆ ಚಪ್ಪಾಳೆ ತಟ್ಟಿತು. ನನಗೆ ಖುಷಿಗೆ ಅಳು ತಡೆಯಲಾಗಲಿಲ್ಲ. ಬಾಯಿ ಬಿಡಬೇಡ ಎಂದ ಧನುಶ್ರೀಯೇ ಎಲ್ಲರಿಗಿಂತ ಜೋರಾಗಿ ಶಿಳ್ಳೆ ಹಾಕಿದಳು.

ಆಮೇಲೆ ಪ್ರೊಫೆಸರ್ ಚೀಸ್ ತಟ್ಟೆ ಹಿಡಿದು ನನ್ನ ಬಳಿ ಬಂದು ಇನ್ನೊಂದು ತಪ್ಪು ಹೇಳಿದರು. ತಮ್ಮ ಡಾಕ್ಟರೇಟ್ ಪರೀಕ್ಷೆಗೆ ಅಪ್ಪನನ್ನು ಕರೆದಿರಲಿಲ್ಲವಂತೆ. ಅಪ್ಪನ ಉಗುರಿಗೆ ಹತ್ತಿದ ಬೂಟ್ ಪಾಲಿಶಿನ ಕಲೆ ನೋಡಿ ಯಾರಾದರೂ ಏನಾದರೂ ಅಂದುಕೊಂಡಾರು ಎಂದು. ಈ ಪುಸ್ತಕವನ್ನಾದರೂ ತಿದ್ದಬಹುದು ಎಂದರು.

ನಿವೃತ್ತರಾದರೂ ನನಗೆ ಗೈಡ್ ಅವರೇ. ನವೆಂಬರ್ 20ಕ್ಕೆ ತುಂಬಿದ ಸಭೆಯ ಮುಂದೆ ನನ್ನ ಡಾಕ್ಟರೇಟ್ ಪರೀಕ್ಷೆ. ಅಮ್ಮಿಗೆ ನನ್ನ ಮುತ್ತು, ಉವೈಸ್‌ಗೆ ಒಂದು ಗುದ್ದು. ನಮಾಜಿನಲ್ಲಿ ನನ್ನನ್ನೂ, ನಿಮಗೆ ಬೇಸರವಿಲ್ಲದಿದ್ದರೆ ದೇವಣ್ಣ ಶೆಟ್ಟಿಯನ್ನೂ ನೆನೆಯಿರಿ.

ನಿಮ್ಮ ಮಗಳು,
ಅಮ್ರೀನ್

ಮರೆತ ಮಾತು: ಇಲ್ಲಿ ಪರೀಕ್ಷೆಯ ದಿನ ನನ್ನ ಎರಡೂ ಪಕ್ಕದಲ್ಲಿ ನನ್ನವರಿಬ್ಬರು ನಿಲ್ಲಬೇಕು. ಒಂದು ಕಡೆ ಧನುಶ್ರೀ. ಇನ್ನೊಂದು ಕಡೆಗೆ ನಿಮ್ಮನ್ನು ಕೇಳದೆಯೇ ನಿಮ್ಮ ಹೆಸರು ಕೊಟ್ಟಿದ್ದೇನೆ. ವೀಸಾ ಕಾಗದಗಳನ್ನು ಉವೈಸ್‌ಗೆ ಕಳಿಸಿದ್ದೇನೆ. ನನ್ನ ಎಂ.ಎ. ಘಟಿಕೋತ್ಸವದ ದಿನ, ಕೈಗೆ ಮೈದಾ ಅಂಟು ಮೆತ್ತಿದೆ ಎಂದು ನೀವು ಗೇಟಿನ ಹೊರಗೇ ನಿಂತಿರಿ. ನಾನೂ ಒಳಗೆ ಬನ್ನಿ ಎನ್ನಲಿಲ್ಲ. ಈಗ ಎನ್ನುತ್ತಿದ್ದೇನೆ ಅಬ್ಬಾ, ಬನ್ನಿ.