ಕೆಂಪು ದುಪ್ಪಟಿ

ಹಳೇ ಕಾವಲು ಗೋಪುರದ ಹೊಸ ಕಾವಲುಗಾರರಿಗೆ ನಮಸ್ಕಾರ.

ನಿಮಗಿಂತ ಮುಂಚೆ ಅಲ್ಲಿದ್ದವರು ನಮ್ಮಪ್ಪ. ಅಡುಗೆಯಾದ ಕೂಡಲೇ ಅಮ್ಮ ನಮ್ಮ ಮನೆ ತಾರಸಿಯ ಹಗ್ಗಕ್ಕೆ ಕೆಂಪು ದುಪ್ಪಟಿ ಹಾಕುತ್ತಿದ್ದಳು. ಅಪ್ಪ ಮೇಲಿನಿಂದ ಟವೆಲ್ ಬೀಸಿ ಊಟಕ್ಕೆ ಇಳಿದು ಬರುತ್ತಿದ್ದರು. ಅವರು ತೀರಿಕೊಂಡು ಮೂರು ತಿಂಗಳಾದರೂ ದುಪ್ಪಟಿ ಹಾಕುವುದು ನಿಂತಿಲ್ಲ.

ನಿನ್ನೆ ನಾನು ಗೋಪುರ ಹತ್ತಿದ್ದೆ. ಇಡೀ ಊರು, ಬಂದರು, ಸಮುದ್ರ ಎಲ್ಲ ಕಂಡರೂ ಕಣ್ಣು ಹೋಗಿ ನಿಂತದ್ದು ಆ ಕೆಂಪಿನ ಮೇಲೆ. ಕೈ ಸುಮ್ಮನಿರಲಿಲ್ಲ, ಕರವಸ್ತ್ರ ಬೀಸಿಬಿಟ್ಟೆ.

ಮನೆಗೆ ಬಂದರೆ ಅಮ್ಮ ಅಪ್ಪನ ತಟ್ಟೆಗೆ ಬಡಿಸಿ ಕೂತಿದ್ದಳು. “ನೀನು ಆಮೇಲೆ ಕೂತ್ಕೋ. ಅವ್ರು ಇಳೀತಿದ್ದಾರೆ. ಮಂಡಿನೋವು ನೋಡು, ಮೆಟ್ಟಿಲು ನಿಧಾನ” ಅಂದಳು.

ದಯವಿಟ್ಟು ಮಧ್ಯಾಹ್ನದ ಹೊತ್ತು ಆ ಕಡೆಗೆ ಯಾರೂ ಕೈ ಬೀಸದಂತೆ ನೋಡಿಕೊಳ್ಳಿ. ಬಡಿಸಿದ್ದು ಇನ್ನೂ ತಟ್ಟೆಯಲ್ಲೇ ಇದೆ, ಅಮ್ಮ ತೆಗೆಯಲು ಬಿಡುತ್ತಿಲ್ಲ.

ಇಂತಿ,
ಅವರ ಮಗಳು