ಗೋಡೆ ಮುಟ್ಟಿದ ಮೇಲೆ

ಬ್ರಹ್ಮಪುರ, ಕಲಬುರಗಿ
೧೮ ಫೆಬ್ರವರಿ ೨೦೨೫

ಪ್ರೀತಿಯ ಅಣ್ಣಾ,

ನಿನ್ನ ತಂಗಿಯ ನಮಸ್ಕಾರ. ಎದೆಯ ಹೊಲಿಗೆ ಒಣಗಿತೇ? ವೈನಿ ಉಪ್ಪಿಲ್ಲದ ಊಟ ಬಡಿಸಿದರೆ ಮುಖ ಸಿಂಡರಿಸದೆ ಉಣ್ಣು. ಆಪರೇಷನ್ ಚೆನ್ನಾಗಿ ಆಯಿತೆಂದು ನಿನ್ನ ಮಗ ದಿಲೀಪ ಸೊಲ್ಲಾಪುರದಿಂದ ಫೋನ್ ಮಾಡಿದಾಗ ಅಡುಗೆಮನೆಯಲ್ಲೇ ಕುಳಿತು ಅತ್ತುಬಿಟ್ಟೆ. ಒಲೆಯ ಮೇಲಿನ ಬೇಳೆ ತಳ ಹಿಡಿಯಿತು. ಹಿಡಿದರೆ ಹಿಡಿಯಲಿ, ಅಷ್ಟು ರುಚಿಯ ಬೇಳೆ ಈಚೆಗೆ ಉಂಡಿರಲಿಲ್ಲ. ನಾನೇ ಫೋನ್ ಮಾಡಬಹುದಿತ್ತು. ನಿನಗೆ ಕಿವಿ ಮಂದ, ನಾನು ಕೂಗಿದರೆ ಬ್ರಹ್ಮಪುರಕ್ಕೆಲ್ಲ ಕೇಳುತ್ತದೆ. ಅದಕ್ಕೇ ಈ ಕಾಗದ.

ಆಪರೇಷನ್ನಿಗೆ ಒಳಗೆ ಹೋಗುವ ಮುಂಚೆ ನೀನು ಅಂದ ಮಾತು ನನ್ನನ್ನು ತಿಂದುಹಾಕಿತು. "ತಂಗೀ, ಗ್ವಾಡಿ ಮುಟ್ಟಿ ಹೊಳ್ಳಬೇಕಂತ ನಾ ಹೇಳಿಕೊಟ್ಟಿದ್ರ ಅವತ್ತು ನೀ ಗೆಲ್ತಿದ್ದಿ. ನಂದ ತಪ್ಪಾತು, ಮನಸಿನ್ಯಾಗ ಇಟ್ಕೋಬ್ಯಾಡ." ನಾನು ಬಾಯಿ ತೆರೆಯುವಷ್ಟರಲ್ಲಿ ನರ್ಸ್ ಫೋನ್ ಇಸಿದುಕೊಂಡಳು. ಐವತ್ತೇಳು ವರ್ಷದ ಹಿಂದಿನ ಈಜನ್ನು ಆಪರೇಷನ್ ಕೋಣೆಗೂ ಹೊತ್ತುಕೊಂಡು ಹೋಗುವವನು ನೀನೊಬ್ಬನೇ!

ಕಮಲಾಪುರದ ನಮ್ಮ ಬಾಳೆತೋಟದ ಬಾವಿಯಲ್ಲಿ ನನ್ನ ಬೆನ್ನಿಗೆ ಬಾಳೆದಿಂಡು ಕಟ್ಟಿ ನೂಕಿದವನು ನೀನು. ದಿಂಡು ಬಿಚ್ಚಿದ ಮೇಲೆ ಕಟ್ಟೆಯಿಂದ ತಲೆಕೆಳಗಾಗಿ ಧುಮುಕುವುದನ್ನೂ ಕಲಿಸಿದೆ. "ಹೆಣ್ಮಗಳು ಸೊಂಟ ಮುರ್ಕೊಂಡ್ರ ಯಾರ ಮಾಡ್ಕೋತಾರ?" ಎಂದು ಅಪ್ಪ ಕೂಗಾಡಿದ. ಅವ್ವ ಅವನ ಕಣ್ಣು ತಪ್ಪಿಸಿ ಹಿತ್ತಲಲ್ಲಿ ಕುಳಿತು ಕೈಯಲ್ಲೇ ನನಗೆ ಕರಿಯ ಈಜುಡುಗೆ ಹೊಲಿದಳು. ಅದನ್ನೇ ತೊಟ್ಟು ಬೆಂಗಳೂರಿನ ಈಜು ಸ್ಪರ್ಧೆಗೆ ಇಳಿದಾಗ ಅರ್ಧ ದೂರದವರೆಗೆ ನಾನೇ ಮುಂದಿದ್ದೆ. ಆಚೆಯ ಗೋಡೆ ಮುಟ್ಟಿ ಎಲ್ಲ ಹುಡುಗಿಯರೂ ತಿರುಗಿದರು. ನಾನು ಎದೆಗೆ ಕೈಕಟ್ಟಿಕೊಂಡು ಮೆಟ್ಟಿಲು ಹತ್ತಿಬಿಟ್ಟೆ. "ಯಾಕ ಮ್ಯಾಲ ಬಂದಿ?" ಎಂದು ಬೇಲಿಯಾಚೆಯಿಂದ ನೀನು ಕೂಗಿದೆ. "ಬಾವ್ಯಾಗ ಗ್ವಾಡಿ ಮುಟ್ಟಿದ್ರ ಮುಗೀತಲ್ಲಣ್ಣಾ" ಎಂದೆ. ಮರುದಿನ ಧುಮುಕುವ ಸ್ಪರ್ಧೆಯಲ್ಲಿ ಪದಕ ತಂದರೂ ಊರು ನೆನಪಿಟ್ಟುಕೊಂಡದ್ದು ಇದನ್ನೇ. ಬಾವಿಯ ಕಪ್ಪೆ ಕಲಿಸಿದ ಈಜು ಎಂದು ನಿನ್ನನ್ನು ಆಡಿಕೊಂಡು ನಕ್ಕರು. ಆಮೇಲೆ ನೀನು ಯಾರಿಗೂ ಈಜು ಕಲಿಸಲಿಲ್ಲ, ಮೊಮ್ಮಗಳು ಗೌತಮಿ ಕಾಡಿ ಬೇಡಿದರೂ.

ನೀನು ಉಳಿದೆ, ನನಗೂ ಉಸಿರು ಬಂತು. ವೈನಿಗೆ ನಮಸ್ಕಾರ, ಗೌತಮಿಗೆ ಮುತ್ತು. ಕೆಂಪು ಬಾಳೆಹಣ್ಣು ಕಳಿಸುತ್ತಿದ್ದೇನೆ. ಸಕ್ಕರೆ ಕಾಯಿಲೆಯವನು ಅರ್ಧ ತಿನ್ನು, ಉಳಿದರ್ಧ ನೋಡು.

ನಿನ್ನ ತಂಗಿ,
ಕಸ್ತೂರಿಬಾಯಿ

ತಾ.ಕ.: ಇದನ್ನು ದಿಲೀಪನ ಕೈಲಿ ಓದಿಸಬೇಡ. ನೀನು ಹೇಳಿದ್ದೆ ಅಣ್ಣಾ. "ಗ್ವಾಡಿ ಮುಟ್ಟಿ ಹೊಳ್ಳು, ಮ್ಯಾಲ ಬರಬ್ಯಾಡ" ಎಂದು ರೈಲಿನಲ್ಲಿ ಎರಡು ಸಲ ಹೇಳಿದ್ದೆ. ಗೋಡೆಯ ಹತ್ತಿರ ಬಂದಾಗ ಅವ್ವ ಹೊಲಿದ ಹೆಗಲಪಟ್ಟಿ ಕಿತ್ತುಬಂತು. ಜೊತೆಗೆ ಬಂದಿದ್ದ ಗೆಳತಿ ಮಸ್ತಾನಬಿ ಓಡಿಬಂದು ಟವೆಲ್ ಹೊದಿಸಿದಳು, ಆಮೇಲೆ ತನ್ನ ಜಡೆಯ ರಿಬ್ಬನ್ ಸೇರಿಸಿ ಹೊಲಿದುಕೊಟ್ಟಳು. ಅಪ್ಪನಿಗೆ ಗೊತ್ತಾದರೆ ಅವ್ವನ ಗತಿಯೇನೆಂದು ಹೆದರಿ ಬಾಯಿಗೆ ಬಂದ ಸುಳ್ಳು ಹೇಳಿದೆ. ನೀನು ನನ್ನ ಸುಳ್ಳು ನಂಬಿ ನಿನ್ನ ಮಾತನ್ನೇ ಮರೆತೆ. ಅಪ್ಪ ಅವ್ವ ಇಬ್ಬರೂ ತೀರಿಹೋದ ಮೇಲಾದರೂ ಹೇಳಬೇಕಿತ್ತು, ನಾಚಿಕೆಯಾಯಿತು. ಬೈಯುವುದಿದ್ದರೆ ಎದ್ದು ಓಡಾಡುವಂತಾದ ಮೇಲೆ ಬೈ. ಬೇಸಿಗೆಗೆ ದಂಡೆಯ ಮೇಲೆ ಕುಳಿತೇ ಗೌತಮಿಗೆ ಕಲಿಸು. ಗೋಡೆ ಮುಟ್ಟಿ ತಿರುಗುವುದನ್ನು ನೀನು ಹೇಳಿಕೊಡು. ಹೊಲಿಗೆ ನಾನು ನೋಡಿಕೊಳ್ಳುತ್ತೇನೆ.