ಜೇಬಿಗೆ ಇಳಿದ ವಾಚು

ಅಪ್ಪಾ,

ನಮ್ಮ ಲಕ್ಷ್ಮಿಗೆ ಗಂಡು ಗೊತ್ತಾಯಿತು! ನಮ್ಮ ಮಡಕಶಿರದ ಕಡೆಯ ಹುಡುಗನೇ, ಮಂಜುನಾಥ ಅಂತ. ಹಿಪ್ಪುನೇರಳೆ ತೋಟವಿದೆ, ಮಾತು ಕಡಿಮೆ. ಇಬ್ಬರ ಪಾಲಿನ ಮಾತನ್ನೂ ತಂಗಿಯೇ ಆಡುತ್ತಾಳೆ, ಬಿಡು. ನಿಶ್ಚಿತಾರ್ಥದಲ್ಲಿ ಅಳಿಯನಿಗೆ ಮಾವನೇ ವಾಚು ಕಟ್ಟುವುದು ನಮ್ಮ ಪದ್ಧತಿಯಲ್ಲವೇ? ಈಗ ನೀನಿಲ್ಲದೆ ಕಟ್ಟುವವರು ಯಾರು? "ನಾನಿಲ್ವಾ?" ಅಂದ ದೊಡ್ಡಪ್ಪ. ಆದರೆ ನೀನು ಮಾಡಬೇಕಿದ್ದ ಆ ಕೆಲಸ ನನಗೇ ಸಿಗಲಿ ಅಂತ ಒಳಗೊಳಗೇ ಆಸೆ.

ನಾವು ರಾಯದುರ್ಗಕ್ಕೆ ಬಂದ ಹೊಸತರಲ್ಲಿ ನೀನು ನನ್ನನ್ನು ಮಿಷನ್ ಪಕ್ಕ ಕೂರಿಸಿಕೊಂಡು ಜೀನ್ಸ್ ಜೇಬು ಹೊಲಿಯಲು ಕಲಿಸಿದ್ದು ನೆನಪಿದೆಯಾ? ಹೊಲಿದು ಕೊಟ್ಟರೆ ಸಾಕು, ನೀನು ಆ ದಪ್ಪ ವಾಚಿನ ಕೈಯನ್ನು ಅದರೊಳಗೆ ತೂರಿಸುತ್ತಿದ್ದೆ. ಎಲ್ಲಾದರೂ ತಡೆಯಿತೋ, "ಬಿಚ್ಚಮ್ಮಿ" ಅನ್ನುತ್ತಿದ್ದೆ. "ಜೇಬು ಅಂದ್ರೆ ಬಾವಿ ಇದ್ದಂಗೆ ಕಣಮ್ಮಿ. ಇಳಿದ ಕೈ ಎದ್ದೂ ಬರ್ಬೇಕು." ಎಷ್ಟು ಬಿಚ್ಚಿಸಿದೆ, ಪುಣ್ಯಾತ್ಮ! ಜೀನ್ಸಿಗೆ ತಿಕ್ಕಿ ತಿಕ್ಕಿ ಗಾಜೆಲ್ಲ ಗೀರು ಬಿದ್ದು, ಕೊನೆಗೆ ನೀನೇ ಪಕ್ಕದ ಮಿಷನ್ನವರನ್ನು ಟೈಮು ಕೇಳುತ್ತಿದ್ದೆ.

ಮೊನ್ನೆ ವಾಚಿನ ಅಂಗಡಿಯವರು ಎರಡು ತೆಗೆದಿಟ್ಟರು. ಎರಡೂ ಹಪ್ಪಳದಷ್ಟು ತೆಳ್ಳಗೆ. ಒಂದು ಕಪ್ಪು ಮುಖದ್ದು. ಅಂಕಿಯಿಲ್ಲ, ಬರೀ ಗೀಟು, ಚರ್ಮದ ಪಟ್ಟಿ. ಇನ್ನೊಂದು ಬಿಳೀದು, ಗೀಟೂ ಇಲ್ಲ, ಎರಡು ಮುಳ್ಳು ಅಷ್ಟೆ, ಜಾಲರಿಯಂಥ ಉಕ್ಕಿನ ಪಟ್ಟಿ. ನೀನಿದ್ದಿದ್ದರೆ "ಇದೇನಮ್ಮಿ, ಊರ ಹೆಸರು ಬರೆಯದ ಬಸ್ಸು" ಅನ್ನುತ್ತಿದ್ದೆಯೇನೋ. ಚೆಂದ ನೋಡಿದರೆ ಬಿಳೀದೇ ಚೆಂದ. ಏನು ಮಾಡಲಿ? ಅಳಿಯನಿಗೆ ಕೊಡಲೆಂದು ನಾನೇ ಹೊಲಿದ ಪ್ಯಾಂಟು ಚೀಲದಲ್ಲಿತ್ತು. ತೆಗೆದು ಗಾಜಿನ ಮೇಜಿನ ಮೇಲೆ ಹರವಿ, ವಾಚು ಕಟ್ಟಿಕೊಂಡು ಜೇಬಿಗೆ ಕೈ ಇಳಿಸಿದೆ.

"ಏನ್ ಮಾಡಾಕತ್ತೀರಿ ಅಕ್ಕಾರ? ವಾಚು ಕೈಗೆ ಕಟ್ಟೋದ್ರೀ, ಜೇಬಿಗಲ್ಲ!"

"ನಮ್ಮಪ್ಪನ ಪರೀಕ್ಷೆ ರೀ, ಸ್ವಲ್ಪ ತಡೀರಿ" ಅಂದೆ. ಬಿಳೀ ವಾಚಿನ ಜಾಲರಿ ಜೇಬಿನ ಅಂಚಿನ ದಾರವನ್ನೇ ಎಳೆದುಕೊಂಡು ಬಂತು. ಕಪ್ಪು ವಾಚು ಸುಮ್ಮನೆ ಇಳಿಯಿತು, ಸುಮ್ಮನೆ ಎದ್ದಿತು. ಅಂಗಡಿಯವರು ತಾವೂ ಒಮ್ಮೆ ಕೈ ಇಳಿಸಿ ನೋಡಿ ನಕ್ಕರು. ಕಪ್ಪನ್ನೇ ತಂದೆ.

ನಿನ್ನೆ ನಿಶ್ಚಿತಾರ್ಥ. ದೊಡ್ಡಪ್ಪ ಟವೆಲ್ಲು ಕೊಡವಿಕೊಂಡು ಎದ್ದ. ಆಗ ಲಕ್ಷ್ಮಿ, ಮದುಮಗಳು ತಲೆ ತಗ್ಗಿಸಿ ಕೂರಬೇಕು ಅನ್ನುವುದನ್ನೂ ಮರೆತು, "ದೊಡ್ಡಪ್ಪಾ, ಅಪ್ಪನ ಮಿಷನ್ ಮೇಲೆ ಕೂತು ನನ್ನ ಸಾಕಿದೋಳು ಅಕ್ಕ. ಅವಳೇ ಕಟ್ಲಿ" ಅಂದುಬಿಟ್ಟಳು.

"ಹೆಣ್ಮಕ್ಕಳು ಕಟ್ಟೋದು ಎಲ್ಲಾದ್ರೂ ಐತಾ?" ಅಂದ ದೊಡ್ಡಪ್ಪ. ಅಷ್ಟರಲ್ಲಿ ಆ ಮಾತಿಲ್ಲದ ಹುಡುಗ ನನ್ನ ಕಡೆಗೇ ಕೈ ಚಾಚಿದ. "ನೀವೇ ಕಟ್ಟಿ, ಅಕ್ಕಾ."

ಚರ್ಮದ ಪಟ್ಟಿ ಬಕಲ್ಲಿಗೆ ಸೇರದೆ ಎರಡು ಸಲ ಜಾರಿತು. ಕೊನೆಗೆ ದೊಡ್ಡಪ್ಪನೇ ಪಟ್ಟಿ ಹಿಡಿದುಕೊಟ್ಟ. "ಆಯ್ತು, ಕಟ್ಟಮ್ಮಿ" ಅಂದ. ಹುಡುಗ ನಾಚಿಕೊಂಡು ಆ ಕೈಯನ್ನು ತಾನು ಹಾಕಿಕೊಂಡಿದ್ದ, ನಾನು ಹೊಲಿದ ಪ್ಯಾಂಟಿನ ಜೇಬಿಗೆ ಇಳಿಸಿದ. ನನ್ನ ಜೀವ ಅಲ್ಲೇ ನಿಂತಿತ್ತಪ್ಪಾ. ಲಕ್ಷ್ಮಿ ಅವನನ್ನು ಕರೆದಳು. ಕೈ ಎಲ್ಲೂ ತಡೆಯದೆ ಎದ್ದು ಬಂತು. ಎಲ್ಲರ ಮುಂದೆ ಜೋರಾಗಿ ನಕ್ಕುಬಿಟ್ಟೆ, ಕಣ್ಣಲ್ಲಿ ನೀರು.

ನಿನ್ನ ದಪ್ಪ ವಾಚು ಈಗ ನನ್ನ ಕೈಯಲ್ಲಿದೆ. ಟೈಮು ನಾನೂ ಪಕ್ಕದವರನ್ನೇ ಕೇಳುತ್ತೇನೆ. ಅಳಿಯನ ಮದುವೆಯ ಪ್ಯಾಂಟನ್ನೂ ನಾನೇ ಹೊಲಿಯುವವಳು. ಅದರ ಜೇಬಿಗೆ ಮೊದಲು ಇಳಿಯುವುದು ನಿನ್ನ ವಾಚೇ. ತಡೆದರೆ, ನೀನು ಹೇಳುವ ಮೊದಲೇ ಬಿಚ್ಚುತ್ತೇನೆ.

ನಿನ್ನ ದೊಡ್ಡ ಮಗಳು,
ಸರೋಜ